ಮುಲಾಮಿನ ಡಬ್ಬಿಯ ಮೇಲೆ ಅಮ್ಮ

ಮಂಗಳವಾರ, ಹನ್ನೆರಡನೇ ತಾರೀಖು.

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈ, ಬೈಯಬೇಡಿ.

ಮುಲಾಮಿನ ಕಂಪನಿಯಿಂದ ಇವತ್ತು ಉತ್ತರ ಬಂತು. ನಮ್ಮನ್ನು ಕೇಳದೆ ಅಮ್ಮನ ಫೋಟೊವನ್ನು ಡಬ್ಬಿಯ ಮೇಲೆ ಹಾಕಿದ್ದೀರಿ ಎಂದು ಬರೆದಿದ್ದೆ. ನೀವೇ ತೆಗೆದದ್ದಾದರೆ ಫೋನಿನಲ್ಲಿರುವ ಒರಿಜಿನಲ್ ಕಳಿಸಿ, ನೆಟ್ಟಿನಲ್ಲಿರುವುದು ಸಾಲದು ಎಂದಿದ್ದಾರೆ, ಅಷ್ಟೆ. ಎಲ್ಲಿಂದ ತರಲಿ? ಹೊಲಿಗೆ ಮೆಷಿನ್ ಮುಂದೆ ಕೂತ ಅಮ್ಮ ಮೊಣಕಾಲು ನೀವಿಕೊಂಡು ನಗುತ್ತಿರುವ ಫೋಟೊ ಅದು. ಅವಳು ತೀರಿಕೊಂಡ ಮೇಲೆ ನೆಟ್ಟಿಗೆ ಹಾಕಿದೆ. ಇನ್ನು ಅಲ್ಲೇ ಭದ್ರವಾಗಿರುತ್ತದೆ ಎಂದುಕೊಂಡು, ಜಾಗ ಸಾಲದ ಫೋನಿನಿಂದ ಅಳಿಸಿಬಿಟ್ಟೆ.

ಅಣ್ಣನಿಗೆ ಉತ್ತರ ತೋರಿಸಿದೆ.

"ಫೋಟೊ ಮೂಲೇಲಿ ನಿನ್ನ ಹೆಸರು ಹಾಕೇ ಅಂತ ಬಡ್ಕೊಂಡೆ. ಕೇಳಿದ್ಯಾ?"

"ಅಮ್ಮನ ಮುಖದ ಪಕ್ಕ ನನ್ನ ಹೆಸರು ಯಾಕೆ ಅಂತ ನಾಚಿಕೆ ಆಯ್ತು ಕಣೋ."

"ನಾಚ್ಕೋ. ಈಗ ಕಂಪನಿ ಹೆಸರಿದೆ." ಉತ್ತರವನ್ನು ಇನ್ನೊಮ್ಮೆ ಓದಿ, "ಅಮ್ಮ ಜನ್ಮದಲ್ಲಿ ಮುಲಾಮು ಹಚ್ಚಿದೋಳಲ್ಲ. ಅದರ ವಾಸನೆಗೇ ತಲೆನೋವು ಬರ್ತಿತ್ತು ಅವಳಿಗೆ" ಅಂದ. ಇಬ್ಬರಿಗೂ ನಗು ಬರಲಿಲ್ಲ.

ಅಮ್ಮ ನನ್ನಮ್ಮನೇ ಎಂದು ತೋರಿಸಲು ನನ್ನ ಹತ್ತಿರ ಏನೂ ಉಳಿದಿಲ್ಲ. ಬೇರೆ ದಾರಿ ಕಾಣುತ್ತಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಔಷಧಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಒಳಗೆ ಹೋದಾಗ ಮುಂದಿನ ಸಾಲಿನ ಆ ಮುಲಾಮಿನ ಡಬ್ಬಿಗಳನ್ನೆಲ್ಲ ಆ ಕಡೆಗೆ ತಿರುಗಿಸಿಟ್ಟೆ. ಅಮ್ಮ ಗೋಡೆ ನೋಡಿಕೊಂಡು ನಿಂತ ಹಾಗೆ ಕಂಡಿತು. ತಡೆಯಲಾಗಲಿಲ್ಲ. ಮತ್ತೆ ಒಂದೊಂದನ್ನೇ ಈ ಕಡೆಗೆ ತಿರುಗಿಸಿ ಬಂದೆ.