ಮುತ್ಯಾಲು ಬೆಂಗಳೂರಿಗೆ ಬರುವುದಿಲ್ಲ

ಕೋಲಾರ
೪ನೇ ಜೂನ್ ೧೯೪೪

ಪ್ರೀತಿಯ ಗೆಳತಿ ಆದಿಲಕ್ಷ್ಮಿಗೆ,

ನಿನ್ನ ಶಾಮಲೆಯ ನೆನಪುಗಳು. ನಿನ್ನ ಎರಡು ಕಾಗದಗಳೂ ಕೈಸೇರಿವೆ. ಹುಡುಗಿಯನ್ನು ಬೆಂಗಳೂರಿಗೆ ಯಾವತ್ತು ಕಳಿಸುತ್ತೀ, ಹಾಸ್ಟೆಲಿನವರು ಕೇಳುತ್ತಿದ್ದಾರೆ ಎಂದು ನೀನು ಬರೆದಿದ್ದೆ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ತಡವಾಯಿತು. ಕೋಪ ಮಾಡಿಕೊಳ್ಳಬೇಡ. ನಿಮ್ಮ ಯಜಮಾನರ ಕೆಮ್ಮು ವಾಸಿಯಾಯಿತೆ? ಇಲ್ಲಿ ಸೀಮೆಎಣ್ಣೆಗೂ ಪರದಾಟ. ಈ ಯುದ್ಧ ಯಾವಾಗ ಮುಗಿಯುತ್ತದೋ.

ಮೊದಲು ಒಳ್ಳೆಯ ಸುದ್ದಿ. ಮುತ್ಯಾಲು ಎಸ್.ಎಸ್.ಎಲ್.ಸಿ. ಪಾಸಾದಳು. ಗಣಿತಕ್ಕೂ ವಿಜ್ಞಾನಕ್ಕೂ ಇಡೀ ಸ್ಕೂಲಿಗೆ ಅವಳೇ ಮೊದಲು.

ನಮ್ಮವರ ಅಕ್ಕನ ಮಗಳಾದ ಇವಳನ್ನು ಆವನಿಯಿಂದ ಕರೆತಂದು ಇಲ್ಲಿಟ್ಟುಕೊಂಡಾಗ ನೀನೇ ಬರೆದಿದ್ದೆಯಲ್ಲ: ಡಾಕ್ಟರಾಗಬೇಕಾದರೆ ಹೈಸ್ಕೂಲಿನಲ್ಲೇ ವಿಜ್ಞಾನ ತೆಗೆದುಕೊಳ್ಳಬೇಕು, ಆಮೇಲೆ ಅತ್ತರೂ ಕಾಲೇಜಿನ ಬಾಗಿಲು ತೆಗೆಯುವುದಿಲ್ಲ ಎಂದು. "ಹೆಣ್ಣುಮಕ್ಕಳಿಗೆ ಚರಿತ್ರೆ ಸಾಕು ಬಿಡಮ್ಮ" ಎಂದ ಹೆಡ್ಮಾಸ್ತರರ ಜೊತೆ ಜಗಳವಾಡಿ ವಿಜ್ಞಾನಕ್ಕೆ ಸೇರಿಸಿದೆ. ನನ್ನ ಎರಡು ಕೂಸುಗಳೂ ಹೆರಿಗೆಯಲ್ಲೇ ಹೋದದ್ದು ನಿನಗೆ ಗೊತ್ತು. ಕರೆಯಲು ಒಬ್ಬ ಲೇಡಿ ಡಾಕ್ಟರಿರಲಿಲ್ಲ. ನನ್ನ ಹಟ ಅಲ್ಲಿ ಹುಟ್ಟಿದ್ದು. ನಾನು ನಮ್ಮವರ ಮಂಡಿಯಿಂದ ಬಂದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರೆ ಅವಳು ಪಕ್ಕದಲ್ಲಿ ಕೂತು ಇಂಗ್ಲಿಷ್ ಪೇಪರು ಗಟ್ಟಿಯಾಗಿ ಓದುವಳು. ನನಗೊಂದಕ್ಷರ ತಿಳಿಯದಿದ್ದರೂ, ತಪ್ಪು ಹಿಡಿದವಳಂತೆ "ಇನ್ನೊಂದ್ಸಲ ಓದೇ" ಎನ್ನುತ್ತಿದ್ದೆ.

ಫಲಿತಾಂಶ ಬಂದ ವಾರವೇ ನಮ್ಮವರ ಅಕ್ಕ ದೊಡ್ಡವೆಂಕಟಮ್ಮನೂ ಅವರ ಗಂಡನೂ ಬಂದರು. ಎಲೆ, ಅಡಿಕೆ, ಹೂವು, ಹೊಸ ಸೀರೆ ತಂದಿದ್ದರು. ಮಗಳು ಪಾಸಾದ ಸಂತೋಷಕ್ಕೆ ಎಂದುಕೊಂಡು ಒಬ್ಬಟ್ಟು ಮಾಡಿ ಬಡಿಸಿದೆ. ಊಟವಾದ ಮೇಲೆ ಆಕೆ ನನ್ನ ಕೈ ಹಿಡಿದುಕೊಂಡರು.

"ಶಾಮಲಾ, ನಿಂಗಿನ್ನ ಮಕ್ಕಳಾಗೋ ಕಾಲ ಹೋಯ್ತು. ನನ್ನ ತಮ್ಮನ ವಂಶ ನಿಲ್ಲಬೇಡ್ವಾ? ಹೊರಗಿನೋಳು ಬಂದ್ರೆ ನಿನ್ನ ಮೂಲೆಗೆ ತಳ್ತಾಳೆ. ಮುತ್ಯಾಲು ಆದ್ರೆ ನೀನೇ ಸಾಕಿದ ಹುಡುಗಿ, ನಿನ್ನ ಮಾತು ಮೀರಲ್ಲ. ಸೋದರಮಾವನಿಗೆ ಕೊಡೋದು ನಮ್ಮಲ್ಲೇನು ಹೊಸದಾ?"

ನಮ್ಮವರ ಕಡೆ ತಿರುಗಿದೆ. ಅವರು ವೀಳ್ಯದೆಲೆಯ ನಾರು ತೆಗೆಯುತ್ತಾ ಕೂತಿದ್ದರು.

"ಕಾಲೇಜಿಗೆ ಕಳಿಸೋಣ ಅಂತ ನೀವೂ ಒಪ್ಪಿದ್ರಲ್ಲ?" ಎಂದೆ.

"ಅಕ್ಕನ ಮಾತು ಹೆಂಗೆ ತೆಗೆದುಹಾಕ್ಲಿ? ಓದಿದ್ದೇನೂ ದಂಡ ಆಗಲ್ಲ ಬಿಡು. ಮಂಡಿ ಲೆಕ್ಕ ಬರೀತಾಳೆ."

ಮಂಡಿ ಲೆಕ್ಕ! ಆದಿ, ಇಷ್ಟು ವರ್ಷ ನನಗೆ ಒಂದು ಬಿರುಸು ಮಾತಾಡದ ಮನುಷ್ಯ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಬಾಗಿಲ ಹಿಂದಿದ್ದ ಹುಡುಗಿ ಹೊರಗೆ ಬಂದು ತಾಯಿಗೆ ತೆಲುಗಿನಲ್ಲಿ "ನಾಕೊದ್ದಮ್ಮಾ" ಎಂದಳು. ಬೇಡವೆಂದರೆ ಬೇಡ ಎನ್ನುವ ದನಿ. ತಾಯಿ ಕೆನ್ನೆಗೆ ಬಾರಿಸಿದರು. ನಾನು ಅವಳನ್ನು ಹಿಂದಕ್ಕೆಳೆದುಕೊಂಡು ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಸವತೀನೇ ಬೇಕಾದ್ರೆ ಬೇರೆ ಯಾರನ್ನಾದ್ರೂ ತನ್ನಿ. ನಾನೇ ಆರತಿ ಎತ್ತಿ ಒಳಗೆ ಕರ್ಕೊತೀನಿ. ಈ ಮಗೂನ ಬಿಟ್ಬಿಡಿ."

"ಹಂಗಾದ್ರೆ ಎರಡನೇ ಮದುವೆಗೆ ನಿನ್ನ ಅಡ್ಡಿ ಇಲ್ಲ ಅಂತಾಯ್ತು," ಎಂದರು ದೊಡ್ಡವೆಂಕಟಮ್ಮ. ಅಲ್ಲಿಗೆ ಮಾತು ಮುಗಿಯಿತು. ಹುಡುಗಿಯನ್ನು ಉಳಿಸಲು ಆಡಿದ ಮಾತೇ ನನ್ನ ಒಪ್ಪಿಗೆಯಾಯಿತು.

ಮರುದಿನ ಬೆಳಗಿನ ಬಸ್ಸಿಗೆ ಅವಳನ್ನು ಆವನಿಗೆ ಕರೆದುಕೊಂಡು ಹೋದರು. ಬರುವ ವಾರ ಅಲ್ಲೇ ಧಾರೆ. ನಾನೂ ಹೋಗಿ ನಿಂತು ಅಕ್ಷತೆ ಹಾಕಬೇಕಂತೆ. ಅರಿಶಿನ ಕುಟ್ಟಲು ಈಗಾಗಲೇ ಕರೆ ಬಂದಿದೆ.

ಅವಳಿಗಾಗಿ ನೀನು ಹಾಕಿದ ಅರ್ಜಿಯನ್ನು ವಾಪಸು ತೆಗೆದುಕೊ. ಹಾಸ್ಟೆಲಿನ ಜಾಗ ಇನ್ನೊಬ್ಬ ಹುಡುಗಿಗಾದರೂ ಸಿಗಲಿ. ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ಮನಸಾರೆ ಓದಲಿ, ಯಾರೂ ಅವಳ ಪುಸ್ತಕ ಮುಚ್ಚಿಸದಿರಲಿ. ನಿನ್ನ ಮನೆ ತಣ್ಣಗಿರಲಿ.

ಇಂತು,
ನಿನ್ನ ಶಾಮಲೆ

ಮರೆತಿಲ್ಲ, ಬರೆಯಲಾರದೆ ಬಿಟ್ಟಿದ್ದೆ: ಆ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸಿನ ಹತ್ತಿರ ಓಡಿದೆ. ಮುತ್ಯಾಲು ಕಿಟಕಿಯಿಂದ ನನ್ನನ್ನೇ ನೋಡಿ, "ಅತ್ತೇ, ಇದಕ್ಕೇನಾ ನೀನು ನನ್ನ ಕರ್ಕೊಂಡ್ ಬಂದು ಓದಿಸಿದ್ದು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅವಳಮ್ಮ ಅವಳ ತಲೆ ಸವರಿ ನಕ್ಕರು: "ಮತ್ತಿನ್ನೇನೇ? ನಿಮ್ಮತ್ತೆ ಎಲ್ಲಾ ಮುಂಚೇನೇ ಯೋಚ್ನೆ ಮಾಡಿದ್ಲು." "ಅಲ್ಲ ಕಣೇ" ಎಂದು ಕೂಗಿದೆ. ಇದ್ದಿಲಿನಿಂದ ಓಡುವ ಬಸ್ಸಿನ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ. ಅವಳು ಬುತ್ತಿ ತೆಗೆದುಕೊಳ್ಳಲಿಲ್ಲ. ನಾನು ಹೇಳಿದರೆ ಇನ್ನು ನಂಬುವುದಿಲ್ಲ, ಆದಿ. ನನಗೆ ಗೊತ್ತಿರಲಿಲ್ಲವೆಂದು ನೀನಾದರೂ ಅವಳಿಗೊಂದು ಕಾಗದ ಬರೆ.