ಕೊಲ್ಹಾಪುರದ ಬಸ್ ಸಂಕೇಶ್ವರದಲ್ಲಿ ನಿಂತಿತ್ತು

ಅವ್ವಾ,

ಹೇಗಿದ್ದೀಯಾ ಎಂದೆಲ್ಲ ಕೇಳುವುದಿಲ್ಲ. ಇನ್ನೂ ಸಿಟ್ಟಿನಲ್ಲೇ ಇದ್ದೇನೆ.

ಆ ಸಂಜೆ ನೀನು ಹಾಸ್ಟೆಲ್‌ಗೆ ಫೋನ್ ಮಾಡಿದ್ದು ನೆನಪಿದೆಯಾ? "ಕೊಲ್ಹಾಪುರಕ್ಕ ಹೋಗಿ ಬಂದ್ವಿ ನೋಡವಾ. ಅರಮನಿ ಮ್ಯೂಸಿಯಂದಾಗ ಸತ್ತ ಹುಲಿ ನಿಂದರಿಸ್ಯಾರ. ನಿಮ್ಮಪ್ಪ ಕುರಿ ಕಾಯಾಂವ, ಅದನ್ನ ನೋಡಿ ಹಿಂದ ಸರದಾ!" ಎಂದು ನಕ್ಕಿದ್ದೆ. ಊಟ ಎಲ್ಲಿ ಎಂದು ನಾನು ಕೇಳಿದೆ. "ದೊಡ್ಡ ಹೋಟೆಲ್‌ದಾಗ. ಮಟನ್ ಊಟ, ಕೆಂಪು ರಸ್ಸಾ, ಬಿಳಿ ರಸ್ಸಾ. ಬಿಳೇದು ಎರಡ ಸಲ ಹಾಕಿಸಿಕೊಂಡೆ."

"ಹನಿಮೂನ್ ಏನಬೇ? ಅದೂ ನನ್ನ ಬಿಟ್ಟ?"

"ನಡಿ ಹುಚ್ಚಿ, ಓದ್ಕೋ ಹೋಗ."

ಓದಿಕೊಂಡೆ. ಸೆಮಿಸ್ಟರ್ ಎಕ್ಸಾಂ ಹತ್ತಿರ ಬಂದಿತ್ತಲ್ಲ.

ನೀನು ತೀರಿಕೊಂಡು ದಿನಕರ್ಮವೂ ಮುಗಿದ ಮೇಲೆ, ನಮ್ಮೂರು ಮೇಲವಂಕಿಯ ಮನೆ ಹಿಂದೆ ಕುರಿಗಳ ನಡುವೆ ಕೂತು ಅಪ್ಪ ಉಳಿದದ್ದನ್ನು ಹೇಳಿದ. ಅವತ್ತು ಬೆಳಿಗ್ಗೆ ನೀವು ಇದ್ದದ್ದು ಕೊಲ್ಹಾಪುರದ ಆಸ್ಪತ್ರೆಯಲ್ಲಿ. ಲಿವರ್ ಪೂರ್ತಿ ಹೋಗಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರ್ ಅಪ್ಪನಿಗೆ ಹೇಳಿದ್ದು ನಿನ್ನ ಕಿವಿಗೂ ಬಿತ್ತು. ನೀನು ಅಳಲಿಲ್ಲವಂತೆ. "ಮ್ಯೂಸಿಯಂ ನೋಡಾಕ ಹೊಂಟೇವಿ ಅಂತ ಹುಡುಗಿಗೆ ಹೇಳೇನ್ರಿ. ನಡೀರಿ, ನೋಡೂಣು. ಕೇಳಿದ್ರ ಏನ ಹೇಳ್ಲಿ?" ಅಂದೆಯಂತೆ. ನನಗೆ ಸರಿಯಾಗಿ ಸುಳ್ಳು ಹೇಳುವುದಕ್ಕೆಂದೇ ಟಿಕೆಟ್ ತೆಗೆಸಿ ಅರಮನೆ ಸುತ್ತಿದೆಯಾ? ಯಾರು ಹೀಗೆ ಮಾಡುತ್ತಾರೆ, ಅವ್ವಾ?

ಆ ಹುಲಿಯ ಎದುರೇ ನೀನು ಸೆರಗಿನ ಗಂಟು ಬಿಚ್ಚಿ ಭಂಡಾರ ತೆಗೆದೆ. ಮನೆದೇವರ ಆ ಅರಿಷಿಣವನ್ನು ಅಂಗೈಯಲ್ಲಿ ಹಿಡಿದು ಕೊಟ್ಟ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಅದು ಗೊತ್ತಿದ್ದೇ ತೆಗೆದೆ.

"ಹುಡುಗಿ ಪರೀಕ್ಷಾ ಮುಗಿಯೂತನಕ ಹೇಳೂದಿಲ್ಲಂತ ಭಂಡಾರ ಹಿಡೀರಿ."

"ಇಲ್ಲೇನ? ಹುಲಿ ಮುಂದ?"

"ಹುಲೀನ ಸಾಕ್ಷಿ ಆಗ್ಲಿ."

ಇಲ್ಲಿ ಪೂಜೆ ಮಾಡಬಾರದು ಎಂದು ಕಾವಲಿನವನು ಮರಾಠಿಯಲ್ಲಿ ಗದರುತ್ತ ಬರುವಷ್ಟರಲ್ಲಿ ಅಪ್ಪನ ಅಂಗೈ ಹಳದಿಯಾಗಿತ್ತು. ಹೋಟೆಲಿನಲ್ಲಿ ಅವನಿಗೆ ತುತ್ತು ಇಳಿಯಲಿಲ್ಲ. ನೀನು ಮಾತ್ರ "ಇನ್ನ ಪಥ್ಯ ಯಾರಿಗೆ ಬೇಕ್ರಿ" ಎಂದು ರಸ್ಸಾ ಸುರಿದುಕೊಂಡೆ. ಅದೊಂದು ನೀನು ಹೇಳಿದ ಖರೆ ಮಾತು.

ವಾಪಸ್ ಬರುವಾಗ ಬಸ್ ಸಂಕೇಶ್ವರದಲ್ಲಿ ನಿಂತಿತು. ಅಲ್ಲಿಂದ ನಿಡಸೋಸಿಯ ನನ್ನ ಹಾಸ್ಟೆಲ್‌ಗೆ ಆಟೋ ಸಿಗುತ್ತದೆ. ಅಪ್ಪ ಇಳಿಯಲು ಎದ್ದ. ನೀನು ಅಂಗಿ ಹಿಡಿದು ಜಗ್ಗಿದೆ. "ಕೂಡ್ರಿ. ನಮ್ಮ ಮಾರಿ ನೋಡಿದ್ರ ಹುಡುಗಿಗೆ ಗೊತ್ತ ಆಗತೈತಿ." ಗೊತ್ತಾದರೆ ಏನಾಗುತ್ತಿತ್ತು? ಹೌದು, ನನಗೆ ಎಕ್ಸಾಂ ಅಂದರೆ ಟೆನ್ಷನ್. ಪಿಯುಸಿಯಲ್ಲಿ ಹಾಲ್ ಬಾಗಿಲಲ್ಲೇ ವಾಂತಿ ಮಾಡಿಕೊಂಡವಳು ನಾನು. ಅಷ್ಟಕ್ಕೇ ಇವಳಿಂದ ಆಗುವುದಿಲ್ಲ ಎಂದು ತೀರ್ಮಾನಿಸಿಬಿಟ್ಟೆಯಾ? ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಒಬ್ಬಳೇ ಜ್ವರ ಕಳೆದವಳು ನಾನು. ಪೇಪರ್ ಹೋದರೆ ಮತ್ತೆ ಕಟ್ಟಬಹುದು, ಅವ್ವಾ. ನೀನು ಹೋದರೆ... ಒಂದು ಮಾತು ನನ್ನನ್ನು ಕೇಳಬಾರದಿತ್ತಾ?

ನಿನಗೆ ಗೊತ್ತಿಲ್ಲದ ಸುದ್ದಿ ಒಂದಿದೆ. ಹಾಸಿಗೆ ಹಿಡಿದು, ಎಚ್ಚರ ತಪ್ಪಿ ನೀನು ಮಾತು ನಿಲ್ಲಿಸಿದ ಮೇಲೆ ನಡೆದದ್ದು. ಆ ಎಕ್ಸಾಂ ಮುಂದೆ ಹೋಯಿತು. ಹಾಸ್ಟೆಲ್ ಖಾಲಿಯಾಯಿತು. ಊರಿಗೆ ಬರುತ್ತೇನೆ ಎಂದು ಫೋನ್ ಮಾಡಿದೆ.

"ಪರೀಕ್ಷಾ ಮುಗೀತೇನವಾ?" ಎಂದ ಅಪ್ಪ.

"ಇಲ್ಲಪಾ, ಮುಂದ ಹೋತು."

ಅಪ್ಪನ ಹಿಂದೆ ಕುರಿ ಕೂಗುತ್ತಿದ್ದವು. "ಹಂಗಾರ ಅಲ್ಲೇ ಓದ. ಬರಬ್ಯಾಡ" ಎಂದು ಇಟ್ಟುಬಿಟ್ಟ. ಭಂಡಾರ ಹಿಡಿದ ಮನುಷ್ಯ ಇನ್ನೇನು ಹೇಳಿಯಾನು? ಆಗ ನನಗೆ ಅದೆಲ್ಲ ಎಲ್ಲಿ ಗೊತ್ತು. ಬರಬೇಡ ಅಂದರೆ ಬರುವುದೇ ಇಲ್ಲ ಎಂದು ಸಿಟ್ಟು ಮಾಡಿಕೊಂಡು ರೂಮ್‌ಮೇಟ್ ಜೊತೆ ಹುಕ್ಕೇರಿಯ ಅವಳ ಮನೆಗೆ ಹೋದೆ. ಅವಳ ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದರು.

ಕಾಕಾ ಬೈಕಿನಲ್ಲಿ ಕರೆಯಲು ಬಂದಾಗ ನಾವಿಬ್ಬರೂ ಮಾಳಿಗೆ ಮೇಲೆ ಶೇಂಗಾ ಸುಲಿದು ತಿನ್ನುತ್ತ ಮೊಬೈಲ್ ನೋಡಿ ನಗುತ್ತಿದ್ದೆವು. ಬೆಳಿಗ್ಗೆಯಿಂದ ಅದೇ ಕೆಲಸ. ಮಗಳು ಪರೀಕ್ಷೆ ಬರೆಯುತ್ತಿದ್ದಾಳೆ ಎಂದುಕೊಂಡೇ ನೀನು ಹೋದೆ. ನಾನು ಬರೆಯುತ್ತಿರಲಿಲ್ಲ, ಅವ್ವಾ. ಅವತ್ತು ನನಗೆ ರಜೆ ಇತ್ತು.