ಮೇಳದ ದಿನ ಮಧ್ಯಾಹ್ನದ ಊಟ

ಆರೈಕೆ ಸಿಬ್ಬಂದಿ ನೇಮಕಾತಿಯ ಹೊಣೆ ಹೊತ್ತಿರುವ ಮಾನ್ಯರೇ,

ಕಳೆದ ತಿಂಗಳು ನಿಮ್ಮ ನೇಮಕಾತಿ ಮೇಳದಲ್ಲಿ ನಾನು ಈ ವೃತ್ತಿಯ ಸಂತೃಪ್ತಿಯನ್ನು ಕುರಿತು ಮಾತನಾಡುತ್ತಿದ್ದ ಹೊತ್ತಿನಲ್ಲಿ, ನಾನು ಊಟ ಮಾಡಿಸಬೇಕಾಗಿದ್ದ ಮನುಷ್ಯರೊಬ್ಬರು ಗಂಟಲಿಗೆ ತುತ್ತು ಸಿಕ್ಕಿ ಸತ್ತರು. ಈ ಪತ್ರ ಅದರ ಬಗ್ಗೆ. ನನಗೆ ಕೋಪ ಬಂದಿದೆ ಎಂದುಕೊಳ್ಳಬೇಡಿ. ಬಂದಿದ್ದರೆ ಒಳ್ಳೆಯದಾಗುತ್ತಿತ್ತು.

ನಾನು ಹನ್ನೊಂದು ವರ್ಷಗಳಿಂದ ಒಂದು ಆರೈಕೆ ಕೇಂದ್ರದಲ್ಲಿದ್ದೇನೆ. ಇಪ್ಪತ್ತಾರು ಮಂದಿ ನಿವಾಸಿಗಳು; ಹಗಲು ಪಾಳಿಗೆ ಐವರು ಇರಬೇಕು, ಇರುವುದು ಇಬ್ಬರು. ಸತ್ತವರು ಒಂದು ಕಾಲಕ್ಕೆ ದರ್ಜಿಯಾಗಿದ್ದರು. ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಗಿತ್ತು. ಗದ್ದ ತಗ್ಗಿಸಿ, ಅರ್ಧ ಚಮಚ ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನ ಚಮಚ ಕೊಡಬೇಕು. ನಲವತ್ತು ನಿಮಿಷದ ಕೆಲಸ. ಆ ಹೊತ್ತಿನಲ್ಲಿ ಅವರ ಬಲಗೈ ನನ್ನ ಸಮವಸ್ತ್ರದ ಅಂಚನ್ನು ಸವರುತ್ತಿತ್ತು. “ಯಾವನಮ್ಮಾ ಇದನ್ನ ಹೊಲಿದೋನು? ಕೈ ಮುರಿದಿತ್ತಾ ಅವನಿಗೆ?” ಎನ್ನುತ್ತಿದ್ದರು.

ಮೇಳದ ಹಿಂದಿನ ದಿನ ನಿಮ್ಮ ಕಚೇರಿಯಿಂದ ಆದೇಶ ಬಂತು: ಅನುಭವಿ ಸಿಬ್ಬಂದಿಯೊಬ್ಬರನ್ನು ‘ಪ್ರೇರಣಾ ಪ್ರತಿನಿಧಿ’ಯಾಗಿ ಕಳುಹಿಸತಕ್ಕದ್ದು. ಇಬ್ಬರಲ್ಲಿ ಒಬ್ಬರನ್ನು ಕಳಿಸಿದರೆ ಉಳಿಯುವುದೆಷ್ಟು ಎಂಬ ಲೆಕ್ಕ ನಿಮ್ಮಲ್ಲಿ ಯಾರಿಗೂ ಬರಲಿಲ್ಲವೇ? ಸಿಬ್ಬಂದಿ ಸಾಲದು ಎಂದು ಸಾರಲು ಇದ್ದ ಸಿಬ್ಬಂದಿಯನ್ನೇ ಎಬ್ಬಿಸಿಕೊಂಡು ಹೋದ ನಿಮ್ಮ ಜಾಣತನಕ್ಕೆ ಏನೆನ್ನಲಿ? ನನ್ನ ಜೊತೆಯವಳು, ನನಗಿಂತ ಹಿರಿಯಳು, ನಾನು ಅಕ್ಕ ಎನ್ನುವವಳು, “ಹೋಗಿ ಬಾರೇ, ಒಂದಿನ ತಾನೇ, ಹೇಗೋ ತೂಗಿಸ್ತೀನಿ” ಎಂದಳು.

ಅವಳು ದರ್ಜಿಯವರಿಗೆ ಉಣಿಸುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಒಬ್ಬರು ಮಂಚದಿಂದ ಬಿದ್ದರು. ಅವಳು ಓಡಿದಳು. ತಟ್ಟೆ ಕೈಗೆಟಕುವಲ್ಲೇ ಇತ್ತು. ಹಸಿದಿದ್ದ ದರ್ಜಿಯವರು ತಾವೇ ಬಾಯಿಗಿಟ್ಟುಕೊಂಡರು. ಅವಳು ವಾಪಸು ಬರುವಷ್ಟರಲ್ಲಿ ಮುಗಿದಿತ್ತು.

ಅಕ್ಕನ ಫೋನ್ ಬಂದಾಗ ನಾನು ಮೇಳದ ಮಳಿಗೆಯ ಹಿಂದೆ ನೀರು ಕುಡಿಯುತ್ತಿದ್ದೆ. “ಟೈಲರ್ ಹೋಗ್ಬಿಟ್ರು ಕಣೇ,” ಎಂದಳು. “ಎಲ್ಲಿಗೆ?” ಎಂದು ಕೇಳಿದೆ. ಎದ್ದು ನಿಲ್ಲಲಾರದ ಮನುಷ್ಯನ ಬಗ್ಗೆ ನಾನು ಕೇಳಿದ ಪ್ರಶ್ನೆ ಅದು. ಅಷ್ಟರಲ್ಲಿ ನಿಮ್ಮ ಸಿಬ್ಬಂದಿಯೊಬ್ಬರು ಬಂದು, “ಮೇಡಂ, ಇನ್ನೊಂದು ಬ್ಯಾಚ್ ಕೂತಿದೆ, ಎರಡು ಮಾತು ಹೇಳ್ಬಿಡಿ” ಎಂದರು. ಹೋದೆ. ಹೇಳಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಅಕ್ಕಾ, ಈ ಕೆಲಸದಲ್ಲಿ ಅಳು ಬರಲ್ವಾ?” ಎಂದಳು. “ಇಲ್ಲ” ಎಂದೆ. ನಿಜವನ್ನೇ ಹೇಳಿದೆ. ಈವರೆಗೂ ಬಂದಿಲ್ಲ. ಅವರ ಮಂಚದ ಹಾಸಿಗೆ ಬಟ್ಟೆ ಬದಲಾಯಿಸಿದೆ, ಮರುವಾರ ಬೇರೊಬ್ಬರು ಬಂದರು, ಅವರಿಗೂ ಉಣಿಸುತ್ತಿದ್ದೇನೆ.

ಆ ಹುಡುಗಿ ನಮ್ಮಲ್ಲೇ ಸೇರಿ ಒಂಬತ್ತನೆಯ ದಿನ ಬಿಟ್ಟಳು. ನೇಮಕವಾದವರ ಪಟ್ಟಿಯಲ್ಲಿ ಅವಳ ಹೆಸರಿದೆ. ಬಿಟ್ಟುಹೋದವರ ಪಟ್ಟಿಯನ್ನು ನೀವು ಇಟ್ಟಂತಿಲ್ಲ. ಮೇಳಕ್ಕೆ, ಭಿತ್ತಿಚಿತ್ರಗಳಿಗೆ ಅನುದಾನವಿದೆ. ಬಂದವರು ಉಳಿಯುವಂತೆ ಮಾಡಲು ಏನಿದೆ? ಒಂದು ನೋಟಿಸ್ ಇದೆ. ‘ಕರ್ತವ್ಯಲೋಪಕ್ಕೆ ಕಾರಣ ಕೇಳಿ’ ಅಕ್ಕನಿಗೆ ಬಂದದ್ದು. ಅವಳು ಅದನ್ನು ಎರಡು ಸಲ ಓದಿ, ಮಡಚಿ, “ಯಾರನ್ನ ಬಿಟ್ಟು ಯಾರ ಹತ್ರ ಓಡಬೇಕಿತ್ತು ಅಂತ ಬರೆದಿಲ್ಲ ನೋಡು ಇದ್ರಲ್ಲಿ” ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಅವಳ ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಅದರಲ್ಲಿ ಕೇಳಿದ ಪ್ರಶ್ನೆಯನ್ನು ನಿಮ್ಮ ಕಚೇರಿಗೇ ಹಾಕಿಕೊಳ್ಳಿ. ಖಾಲಿ ಇರುವ ಮೂರು ಹುದ್ದೆಗಳನ್ನು, ಬಂದವರು ಉಳಿಯುವಂಥ ಸಂಬಳ ಕೊಟ್ಟು ತುಂಬಿರಿ. ಅಲ್ಲಿಯವರೆಗೆ ನಮ್ಮಲ್ಲಿಂದ ಯಾರನ್ನೂ ಕರೆಯಬೇಡಿ. ಕರೆದರೆ ನಾನು ಬರುವುದಿಲ್ಲ. ಇದನ್ನು ಅವಿಧೇಯತೆ ಎಂದು ದಾಖಲಿಸಿಕೊಳ್ಳಬಹುದು.

ಇಂತಿ,
ನಾಳೆ ಬೆಳಿಗ್ಗೆಯ ಪಾಳಿಯಲ್ಲಿ
ಮತ್ತೆ ಇಬ್ಬರಲ್ಲಿ ಒಬ್ಬಳು